ಪಿಕಪ್ಪಿನ ಮೊದಲ ದುಡ್ಡು ಅಡಿಭಾಗಕ್ಕೆ

ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡು ಅದನ್ನು ಕಚ್ಚಾ ರಸ್ತೆಗೂ ದೂರದ ಪ್ರವಾಸಕ್ಕೂ ತಯಾರು ಮಾಡಬೇಕು ಅಂತ ಆಸೆ ಇರುವವರು ನಮ್ಮ ಶಿರಸಿ ಕಡೆ ಈಗ ಜಾಸ್ತಿ ಆಗಿದ್ದಾರೆ. ನನಗಂತೂ ಇದು ಖುಷಿಯ ವಿಷಯ. ನನ್ನ ಗಾಡಿ ನೋಡಿದವರು ಮೊದಲು ಕೇಳುವುದು ಎರಡು ಪ್ರಶ್ನೆ: ಸ್ನಾರ್ಕಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ) ಯಾಕೆ ಹಾಕಿಲ್ಲ, ಮೇಲೆ ಟೆಂಟ್ ಯಾಕಿಲ್ಲ. ಎರಡೂ ಕಣ್ಣಿಗೆ ಕಾಣುವ ಸಾಮಾನು. ನಾನು ಹಾಕಿದ ದುಡ್ಡಿನ ಹೆಚ್ಚಿನ ಪಾಲು ಕಾಣಬೇಕಾದರೆ ಗಾಡಿಯ ಕೆಳಗೆ ಮಲಗಿ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಗಾಡಿ ಹಾಳಾಗುವುದು ಕೆಳಗಿನಿಂದ. ನಾಲ್ಕು ತಿಂಗಳು ಮಳೆ, ಕೆಂಪು ಮಣ್ಣಿನ ರಾಡಿ, ಘಟ್ಟ ಇಳಿದರೆ ಉಪ್ಪು ಗಾಳಿ. ಯಾವುದೋ ಮರುಭೂಮಿಯ ವಿಡಿಯೋ ನೋಡಿ ಅದರಲ್ಲಿದ್ದ ಹಾಗೇ ಸಾಮಾನು ತರಿಸಿದರೆ, ಇಲ್ಲಿಗೆ ನಿಜವಾಗಿ ಬೇಕಾದದ್ದರ ಪಾಳಿ ಬರುವಷ್ಟರಲ್ಲಿ ಕೈಯಲ್ಲಿನ ದುಡ್ಡು ಮುಗಿದಿರುತ್ತದೆ.

ನನ್ನದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ನಮ್ಮ ದೇಶಕ್ಕೆ 2016ರಲ್ಲಿ ಬಂತಲ್ಲ, ಆ ಹಳೇ ಮಾದರಿ. 2.5 ಲೀಟರ್ ಡೀಸೆಲ್ ಎಂಜಿನ್, 134 ಬಿಎಚ್‌ಪಿ, 320 ನ್ಯೂಟನ್ ಮೀಟರ್ ಟಾರ್ಕ್. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್). ಉದ್ದ 5.3 ಮೀಟರ್, ವಡ್ಡಿ ಘಟ್ಟದ ತಿರುವಿನಲ್ಲಿ ಎದುರಿಂದ ಬಸ್ ಬಂದಾಗ ಈ ಉದ್ದ ಎಷ್ಟು ಅಂತ ಸರಿಯಾಗಿ ಗೊತ್ತಾಗುತ್ತದೆ. ಸ್ಕಾರ್ಪಿಯೋ ಗೆಟ್‌ಅವೇ, ಟಾಟಾ ಝೆನಾನ್ ಕೂಡ ಹಳೇ ಮಾರುಕಟ್ಟೆಯಲ್ಲಿ ಸಿಗುತ್ತವೆ. ಮುಂದೆ ಹೇಳುವುದರಲ್ಲಿ ಬಹುಪಾಲು ಅವಕ್ಕೂ ಹೊಂದುತ್ತದೆ.

ಗಾಡಿ ಹುಡುಕುವಾಗ ನಾನು ಮೊದಲು ನೋಡಿದ್ದು ಕಾರವಾರದ ಒಂದು ಗಾಡಿ. ಪೇಂಟ್ ಹೊಳೆಯುತ್ತಿತ್ತು, ಸೀಟು ಹೊಸದರ ಹಾಗೆ, ಓಡಿದ್ದೂ ಕಡಿಮೆ. ನನ್ನ ಜೊತೆ ಬಂದಿದ್ದ ಮಿಸ್ತ್ರಿ ಬಾನೆಟ್ ತೆಗೆಯಲೇ ಇಲ್ಲ. ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚ್ ಹಿಡಿದುಕೊಂಡು ಸೀದಾ ಕೆಳಗೆ ಹೋದರು. ಚಾಸಿಯನ್ನು, ಅಂದರೆ ಗಾಡಿಯನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟನ್ನು, ಮುಂದಿನಿಂದ ಹಿಂದಿನವರೆಗೆ ಗೇಣು ಗೇಣಿಗೆ ತಟ್ಟುತ್ತಾ ಬಂದರು. ಎಲ್ಲ ಕಡೆ ಠಣ್ ಅನ್ನುತ್ತಿದ್ದ ಸದ್ದು ಹಿಂದಿನ ಚಕ್ರದ ಮೇಲೆ ಚಾಸಿ ಬಾಗುವ ಜಾಗದಲ್ಲಿ ಮಂದವಾಯಿತು. ಅಲ್ಲಿನ ಸಣ್ಣ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಎಳೆದರೆ ಒದ್ದೆ ಮಣ್ಣು, ಅದರ ಜೊತೆ ಬಿಸ್ಕತ್ ಚೂರಿನ ಹಾಗೆ ಪದರ ಪದರ ತುಕ್ಕು. "ಗಾಡಿ ಮೇಲಿಂದ ನೋಡ್ಬೇಡಿ ಹೆಗಡೇರೆ. ನೀರು ಹೋಗೋ ತೂತು ಕಟ್ಟಿದ್ರೆ ಒಳಗಿಂದ್ಲೇ ತಿಂದ್ಕೊಂಡು ಬರ್ತದೆ" ಅಂದರು. ಆ ಗಾಡಿ ಬಿಟ್ಟೆವು. ಕೊನೆಗೆ ತಗೊಂಡದ್ದು ಹುಬ್ಬಳ್ಳಿ ಕಡೆಯದ್ದು. ಪೇಂಟ್ ಅಲ್ಲಲ್ಲಿ ಕೆರೆದುಹೋಗಿತ್ತು, ಹಿಂದಿನ ಡಾಲಾ (ಸಾಮಾನು ತುಂಬುವ ತೊಟ್ಟಿ) ಗುಂಡಿ ಬಿದ್ದಿತ್ತು, ಆದರೆ ಚಾಸಿ ಎಲ್ಲ ಕಡೆ ಗಂಟೆಯಂತೆ ಠಣ್ ಅಂದಿತು.

ಕೆಳಗೆ ಇಳಿದ ಮೇಲೆ ಇನ್ನೂ ಕೆಲವು ನೋಡಲೇಬೇಕು. ಡಿಫರೆನ್ಶಿಯಲ್ (ಎಡ ಬಲ ಚಕ್ರಕ್ಕೆ ಬಲ ಹಂಚುವ ಗೇರಿನ ಪೆಟ್ಟಿಗೆ) ಆಯಿಲ್ ಪ್ಲಗ್ ಬಿಚ್ಚಿಸಿ, ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ನೀರು ಒಳಗೆ ಹೋಗಿದೆ ಅಂತ. ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಆಕ್ಸಲ್ಲಿಗೆ ಬಲ ಕಳಿಸುವ ಪೆಟ್ಟಿಗೆ) ಆಯಿಲ್ ಕೂಡ ನೋಡಿ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಕೀಲು, ಕೈಯಲ್ಲಿ ಹಿಡಿದು ಅಲ್ಲಾಡಿಸಿ. ನಾಲ್ಕೂ ಚಕ್ರ ಎಳೆಯುವ ಫೋರ್ ಹೈ (ಸಾಮಾನ್ಯ ವೇಗಕ್ಕೆ) ಮತ್ತು ಫೋರ್ ಲೋ (ನಿಧಾನಕ್ಕೆ, ಹೆಚ್ಚು ಬಲಕ್ಕೆ) ಎರಡನ್ನೂ ಮಣ್ಣಿನ ರಸ್ತೆಯಲ್ಲಿ ಹಾಕಿ ಓಡಿಸಿ. ಡಾಂಬರಿನ ಮೇಲೆ ಬೇಡ. ಇವುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇಲ್ಲ, ಒಣ ಡಾಂಬರಿನಲ್ಲಿ ತಿರುಗಿಸಿದರೆ ಗೇರು, ಶಾಫ್ಟು ಒಂದಕ್ಕೊಂದು ಹಿಂಡಿಕೊಳ್ಳುತ್ತವೆ. ಎಷ್ಟೋ ಮಾಲೀಕರು ವರ್ಷಗಟ್ಟಲೆ ಫೋರ್ ಲೋ ಹಾಕಿಯೇ ಇರುವುದಿಲ್ಲ, ಹಾಕಲು ಹೋದಾಗ ಅದು ಕೂರುವುದೂ ಇಲ್ಲ. ಕಾಗದದ ವಿಷಯ ಹೆಚ್ಚು ಹೇಳುವುದಿಲ್ಲ: ಮಾಲೀಕತ್ವ ಬದಲಿಸಲು ಫಾರ್ಮ್ 29, 30, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35. ಇವು ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಗಾಡಿ ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ತುಕ್ಕಿನದು. ಇದನ್ನು ಬೇಸಿಗೆಯಲ್ಲೇ ಮಾಡಬೇಕು, ಮಾರ್ಚ್ ಏಪ್ರಿಲ್‌ನಲ್ಲಿ. ಜೂನ್ ಬಂತು ಅಂದರೆ ನಮ್ಮಲ್ಲಿ ಕಬ್ಬಿಣ ಒಣಗುವ ಮಾತೇ ಇಲ್ಲ. ಪ್ರೆಶರ್ ವಾಶ್ ಮಾಡಿಸಿ, ಚಾಸಿಯ ಎಲ್ಲ ತೂತುಗಳಿಗೂ ಪೈಪ್ ಹಾಕಿ ಒಳಗಿನ ಮಣ್ಣು ತೆಗೆದೆವು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ವೈರ್ ಬ್ರಷ್ಷಿನಲ್ಲಿ ಸಡಿಲ ತುಕ್ಕು ಉಜ್ಜಿ, ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಮೇಲೆ ಜಿಂಕ್ ಪ್ರೈಮರ್, ಅದರ ಮೇಲೆ ಎಪಾಕ್ಸಿ ಪೇಂಟ್. ಚಾಸಿಯ ಒಳಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಉದ್ದ ನಳಿಗೆಯ ಮೇಣದ ಸ್ಪ್ರೇ. ಮೊದಲೆಲ್ಲ ಹಳೇ ಎಂಜಿನ್ ಆಯಿಲ್ ಬಳಿಯುತ್ತಿದ್ದರು, ಈಗಲೂ ಕೆಲವರು ಬಳಿಯುತ್ತಾರೆ. ದಯವಿಟ್ಟು ಬೇಡ. ರಬ್ಬರ್ ಬುಷ್ಷುಗಳು ಉಬ್ಬಿ ಹಾಳಾಗುತ್ತವೆ, ಮಳೆಗೆ ತೊಳೆದುಹೋದ ಆಯಿಲ್ ಸೀದಾ ತೋಟದ ಕಾಲುವೆಗೆ ಇಳಿಯುತ್ತದೆ. ಕುಮಟಾ, ಅಂಕೋಲಾ ಕಡೆ ಹೋಗಿ ಬಂದರೆ ಮರುದಿನವೇ ಸಿಹಿನೀರಲ್ಲಿ ಅಡಿ ತೊಳೆಯುತ್ತೇನೆ. ನೀರು ಹೋಗುವ ತೂತುಗಳಿಗೆ ಕಡ್ಡಿ ಹಾಕಿ ನೋಡುತ್ತೇನೆ. ಇಷ್ಟಕ್ಕೆ ದುಡ್ಡೂ ಬೇಡ, ಹೊತ್ತೂ ಹೆಚ್ಚು ಬೇಡ.

ಎರಡನೆಯದು ಟೈರು. ಗಾಡಿಯ ನಡತೆಯನ್ನೇ ಬದಲಿಸುವ ಒಂದೇ ಒಂದು ಸಾಮಾನು ಅಂದರೆ ಇದೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಹಳೇ ಗಾಡಿಯ ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 3218 ಅಂತಿದ್ದರೆ 2018ರ 32ನೇ ವಾರ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳ ಇರಲಿ, ರಬ್ಬರ್ ಬಿರುಕು ಬಿಟ್ಟಿದ್ದರೆ ಬಿಸಾಡಿ. ಸ್ಟೆಪ್ನಿಯ ಅಂಕಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ನಾನು ಹಾಕಿಸಿದ್ದು ಆಲ್ ಟೆರೇನ್, ಡಾಂಬರು ಮಣ್ಣು ಎರಡಕ್ಕೂ ಆಗುವಂಥದ್ದು. ರಾಡಿಗೆಂದೇ ಮಾಡಿದ ಮಡ್ ಟೆರೇನ್ ನೋಡಲು ಗಂಭೀರವಾಗಿದ್ದರೂ ಮಳೆಗಾಲದಲ್ಲಿ ದೇವಿಮನೆ ಘಟ್ಟದ ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿಯುವುದು ಕಡಿಮೆ. ನಾವು ಓಡುವ ದಾರಿಯಲ್ಲಿ ಡಾಂಬರೇ ಹೆಚ್ಚಲ್ವಾ?

ಸೈಜ್ ಕಂಪನಿಯದ್ದೇ ಇಟ್ಟೆ, 245/70 ಆರ್16. ಇದರ ಎತ್ತರ ಸುಮಾರು 749 ಮಿಲಿಮೀಟರ್. ಎಲ್ಲರೂ ಹೇಳುವ 265/70 ಆರ್16 ಹಾಕಿದ್ದರೆ ಸುಮಾರು 777 ಆಗುತ್ತಿತ್ತು. 28 ಮಿಲಿಮೀಟರ್ ಹೆಚ್ಚಾಯಿತು ಅನಿಸುತ್ತದೆ, ಆದರೆ ಡಿಫರೆನ್ಶಿಯಲ್ ನೆಲದಿಂದ ಮೇಲೇಳುವುದು ಅದರ ಅರ್ಧ, 14 ಮಿಲಿಮೀಟರ್ ಮಾತ್ರ. ಅದಕ್ಕೆ ಬದಲಾಗಿ ಮೀಟರಿನಲ್ಲಿ 100 ಕಂಡಾಗ ಗಾಡಿ 103ರ ಮೇಲೆ ಓಡುತ್ತಿರುತ್ತದೆ, ಏರಿನಲ್ಲಿ ಗೇರು ಭಾರವಾಗುತ್ತದೆ, ಬ್ರೇಕಿಗೂ ಹೆಚ್ಚು ಕೆಲಸ. ಅದೇ ದುಡ್ಡಲ್ಲಿ ದಪ್ಪ ಬದಿಯ, ಹಗುರ ಲಾರಿಗಳಿಗೆಂದು ಮಾಡಿದ ಎಲ್‌ಟಿ ಟೈರ್ ತಗೊಂಡರೆ ಚೂಪು ಕಲ್ಲಿಗೆ ಸೀಳುವ ಭಯ ಕಡಿಮೆ.

ಟೈರಿಗಿಂತ ದೊಡ್ಡ ವಿಷಯ ಗಾಳಿ. ಡಾಂಬರಿನಲ್ಲಿ ನಾನು 33 ಪಿಎಸ್‌ಐ ಇಡುತ್ತೇನೆ. ರಾಡಿ, ಕಲ್ಲಿನ ದಾರಿ ಶುರುವಾದ ಕೂಡಲೇ ಇಳಿದು 22ಕ್ಕೆ ತರುತ್ತೇನೆ. ಟೈರು ಉದ್ದಕ್ಕೆ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಪುಟಿಯುವುದು ನಿಲ್ಲುತ್ತದೆ, ಒಳಗೆ ಕೂತವರ ಬೆನ್ನಿಗೂ ಹಿತ. ಇದು ಪುಕ್ಕಟೆ ಸಿಗುವ ಬದಲಾವಣೆ. ಗಾಳಿ ಇಳಿಸಿದ ಮೇಲೆ ಜೋರಾಗಿ ಓಡಿಸಬಾರದು, ಸ್ಟೇರಿಂಗ್ ಒಮ್ಮೆಲೇ ಎಳೆಯಬಾರದು, ಟೈರು ರಿಮ್ಮಿನಿಂದ ಕಳಚಬಹುದು. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಬೇಕು, ಅದಕ್ಕೇ ಬ್ಯಾಟರಿಗೆ ನೇರ ಕ್ಲಿಪ್ ಹಾಕುವ 12 ವೋಲ್ಟಿನ ಕಂಪ್ರೆಸರ್ ಬೇಕು. ಲೈಟರ್ ಸಾಕೆಟ್ಟಿಗೆ ಚುಚ್ಚುವಂಥದ್ದು ಪಿಕಪ್ ಟೈರಿಗೆ ಸಾಲುವುದಿಲ್ಲ. ಇನ್ನು ಅಪ್ಪಟ ಮಳೆಗಾಲದಲ್ಲಿ ಜಾರುವ ಕೆಂಪು ಮಣ್ಣಿನ ಏರಿಗೆ, ಹಳ್ಳಿಯ ಜೀಪಿನವರು ಮಾಡುವುದೇ ಸರಿ: ಹಿಂದಿನ ಚಕ್ರಕ್ಕೆ ಸರಪಳಿ. ಒಂದು ಜೊತೆ ಮಾಡಿಸಿ ಸೀಟಿನ ಹಿಂದೆ ಇಟ್ಟಿದ್ದೇನೆ. ನನ್ನ ಗಾಡಿಗೆ ಹಿಂದಿನ ಡಿಫ್ ಲಾಕ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಬೀಗ) ಇಲ್ಲ, ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅದೇ ಸುಮ್ನೆ ತಿರುಗುತ್ತಿರುತ್ತದೆ, ಹಾಗಾಗಿ ಚಕ್ರ ನೆಲ ಬಿಡದಂಥ ಜಾಡು ಹುಡುಕಿ ನಿಧಾನ ಹತ್ತಿಸುವುದು ಕಲಿಯಲೇಬೇಕು.

ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಬಗ್ಗೆ ಆಸೆ ಇರುವವರಿಗೆ ಒಂದು ಮಾತು. ಹಿಂದಿನ ಆಕ್ಸಲ್ ಹತ್ತಿರ ಸಣ್ಣ ಸಲಾಕೆ ಜೋಡಿಸಿದ ಒಂದು ವಾಲ್ವ್ ಕೆಲವು ಪಿಕಪ್‌ಗಳಲ್ಲಿ ಇರುತ್ತದೆ. ಹೇರು ಹೆಚ್ಚಾಗಿ ಹಿಂಭಾಗ ತಗ್ಗಿದರೆ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕೊಡುತ್ತದೆ, ಖಾಲಿಯಾಗಿ ಎದ್ದರೆ ಕಡಿಮೆ ಮಾಡುತ್ತದೆ. ಕಮಾನು ಎತ್ತರಿಸಿ ಈ ಸಲಾಕೆ ಸರಿಪಡಿಸದೆ ಬಿಟ್ಟರೆ, ಹೇರು ತುಂಬಿದ್ದರೂ ಗಾಡಿ ಖಾಲಿ ಇದೆ ಅಂತಲೇ ಆ ವಾಲ್ವ್ ಕೆಲಸ ಮಾಡುತ್ತದೆ. ಅರಬೈಲ್ ಘಟ್ಟ ಇಳಿಯುವಾಗ ಹಿಂದಿನ ಬ್ರೇಕ್ ಕಡಿಮೆ ಇರುವ ಗಾಡಿ ಯಾರಿಗೂ ಬೇಡ. ಮುಂದೆ ಹೆಚ್ಚು ಎತ್ತಿದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಓರೆಯಾಗಿ ಬೂಟು ಹರಿಯುತ್ತದೆ. ನಾನು ಮಾಡಿದ್ದು ಇಷ್ಟೇ: ಸವೆದ ಬುಷ್ ಎಲ್ಲ ಹೊಸದು, ಒಳ್ಳೆಯ ಶಾಕ್ ಅಬ್ಸಾರ್ಬರ್, ಹಿಂದೆ ಜಗ್ಗಿದ್ದ ಪಟ್ಟಿಯ ಬದಲು ಹೊಸ ಪಟ್ಟಿ. ಇಷ್ಟಕ್ಕೇ ಗಾಡಿ ಮೊದಲಿನ ಎತ್ತರಕ್ಕೆ ಬಂತು.

ಈಗ ಸ್ನಾರ್ಕಲ್. ಎಂಜಿನ್ ಒಳಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಯಾಕೆಂದರೆ ಪಿಸ್ಟನ್ ನೀರನ್ನು ಗಾಳಿಯಂತೆ ಒತ್ತಲಾರದು. ಅದಕ್ಕೆ ಗಾಳಿ ಎಳೆಯುವ ಬಾಯಿಯನ್ನು ಮೇಲೇರಿಸುವುದು ಸರಿಯಾದ ಯೋಚನೆಯೇ. ಆದರೆ ಬಾನೆಟ್ ಮಟ್ಟದ ನೀರಿಗೆ ಬರುವ ಮೊದಲೇ, ಮೊಣಕಾಲು ನೀರಿನಲ್ಲೇ, ಬೇರೊಂದು ಕಡೆ ನೀರು ಒಳಗೆ ಹೋಗುತ್ತದೆ. ಘಟ್ಟ ಹತ್ತಿ ಬಂದ ಗಾಡಿಯ ಡಿಫರೆನ್ಶಿಯಲ್ ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಹಾಗೇ ತಣ್ಣನೆಯ ಹಳ್ಳಕ್ಕೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಡಿಫರೆನ್ಶಿಯಲ್ ಉಸಿರಾಡುವ ಸಣ್ಣ ಕೊಳವೆ ಬ್ರೀದರ್. ಅದು ಕೆಳಗೇ ಇದ್ದರೆ, ಅಥವಾ ಮಣ್ಣು ಕಟ್ಟಿದ್ದರೆ, ಅದರಿಂದಲೋ ಆಯಿಲ್ ಸೀಲ್ ಸಂದಿಯಿಂದಲೋ ನೀರೇ ಒಳಗೆ ಬರುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುವುದು ಹೀಗೆ. ನಾನು ಆಯಿಲಿಗೆ ತಡೆಯುವ ರಬ್ಬರ್ ಪೈಪ್, ಎರಡು ನಿಪ್ಪಲ್, ನಾಲ್ಕಾರು ಕ್ಲಿಪ್ ತಂದು ಮುಂದಿನ ಹಿಂದಿನ ಎರಡೂ ಬ್ರೀದರನ್ನು ಬಾನೆಟ್ ಒಳಗಿನ ಎತ್ತರಕ್ಕೆ ತಂದೆ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಉಪಕಾರ ಮಾಡುವ ಕೆಲಸ ಬೇರೆ ಇಲ್ಲ.

ಹಳ್ಳ ದಾಟುವ ಮೊದಲು ಇಳಿದು ನಡೆದು ನೋಡಿ. ನಡೆಯಲು ಆಗದಷ್ಟು ಸೆಳವಿದ್ದರೆ ಗಾಡಿಯನ್ನೂ ಇಳಿಸಬಾರದು. 2021ರ ಜುಲೈ ನೆರೆಯಲ್ಲಿ ಗಂಗಾವಳಿ ನದಿ ಗುಳ್ಳಾಪುರದ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ರಾಷ್ಟ್ರೀಯ ಹೆದ್ದಾರಿಯ ಮೇಲೆ. ಅಂಥ ಮಳೆಗೆ ಯಾವ ಗಾಡಿಯೂ ತಯಾರಾಗುವುದಿಲ್ಲ, ಮನೆಯಲ್ಲಿರಬೇಕು.

ಕಾನೂನಿನ ವಿಷಯವನ್ನು ಹಗುರ ಮಾಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ, ಇದನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಗಾಡಿಯ ಮೂತಿಗೆ ಹಾಕುವ ಕಬ್ಬಿಣದ ಬುಲ್ ಬಾರ್ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಬುಲ್ ಬಾರ್ ಬೇಡ ಅನ್ನಲು ನನಗೆ ದಂಡಕ್ಕಿಂತ ದೊಡ್ಡ ಕಾರಣ ಇದೆ. ನಮ್ಮ ರಸ್ತೆಯಲ್ಲಿ ಶಾಲೆ ಮಕ್ಕಳು ನಡೆಯುತ್ತಾರೆ, ದನ ಬರುತ್ತದೆ. ಆ ಕಬ್ಬಿಣಕ್ಕೆ ಬಡಿದವರು ಉಳಿಯುವುದಿಲ್ಲ.

ಮತ್ತೆ, ಓಡಿಸುವುದು ಎಲ್ಲಿ? ನಮ್ಮ ಜಿಲ್ಲೆಯ ಹೆಚ್ಚಿನ ಭಾಗ ಅರಣ್ಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ, ಸಿಂಗಳೀಕಗಳಿಗಾಗಿಯೇ ಉಳಿಸಿಕೊಂಡ ಅಘನಾಶಿನಿ ಕಣಿವೆಯಿದೆ. ದಾರಿ ಕಂಡಿತು ಅಂತ ಅಲ್ಲಿ ಗಾಡಿ ನುಗ್ಗಿಸುವುದು ಅಪರಾಧ. ಬೀಚಿನ ಮರಳೂ ಬೇಡ, ಹೊನ್ನಾವರದ ಕಾಸರಕೋಡ ಟೊಂಕದ ಕಡೆ ಕಡಲಾಮೆ ಮೊಟ್ಟೆ ಇಡುತ್ತವೆ, ಚಕ್ರದ ಅಡಿಗೆ ಏನಿದೆ ಅಂತ ನಮಗೆ ಕಾಣುವುದಿಲ್ಲ. ನಮ್ಮ ತೋಟದ ದಾರಿ, ಊರಿನ ಕಚ್ಚಾ ರಸ್ತೆ, ಮಳೆಗಾಲದ ಜೋಯಿಡಾ ತಾಲೂಕಿನ ಹಳ್ಳಿ ರಸ್ತೆಗಳು, ಇಷ್ಟರಲ್ಲೇ ಗಾಡಿಗೂ ನಮಗೂ ಬೇಕಾದಷ್ಟು ಪರೀಕ್ಷೆ ಇದೆ.

ಸಿಕ್ಕಿಹಾಕಿಕೊಂಡರೆ ಹೊರಬರುವ ಸಾಮಾನು ಇರಲೇಬೇಕು. ಮೂತಿಗೆ ಕಟ್ಟಿ ಮೋಟರಿನಿಂದ ಹಗ್ಗ ಎಳೆಯುವ ವಿಂಚ್ ಹಾಕಿಲ್ಲ. ಗಾಡಿಯ ಪೂರ್ತಿ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು ಅನ್ನುವುದು ಲೆಕ್ಕ, ಅಂದರೆ ಮೂರು ಟನ್ನಿಗೆ ನಾಲ್ಕೂವರೆ. ಅದರ ಭಾರ ಪೂರ್ತಿ ಮೂತಿಯ ಮೇಲೆ ಬೀಳುತ್ತದೆ. ನನ್ನ ಹತ್ತಿರ ಇರುವುದು ಕೈಯಿಂದ ಎಳೆಯುವ ತಂತಿಹಗ್ಗದ ಪುಲ್ಲರ್, ಒಂದು ಹಿಗ್ಗುವ ಕೈನೆಟಿಕ್ ಹಗ್ಗ, 4.75 ಟನ್ನಿನ ಎರಡು ಶಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ), ಸಲಿಕೆ, ಕತ್ತಿ. ಹಗ್ಗ ಹಾಕುವ ಕೊಕ್ಕೆ ಚಾಸಿಗೇ ಬೋಲ್ಟ್ ಆಗಿರಬೇಕು. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ ಹಗ್ಗ ಹಾಕಿ ಜಗ್ಗಬೇಡಿ, ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಹಗ್ಗ ಬಿಗಿಯಾಗುವಾಗ ಅದರ ಮೇಲೆ ದಪ್ಪ ಕಂಬಳಿ ಹಾಕಿ, ನೋಡಲು ನಿಂತವರನ್ನು ದೂರ ಕಳಿಸಿ. ತೋಟದಲ್ಲಿ ಕಣ್ಣೆದುರಿಗೇ ಇದೆ ಅಂತ ಅಡಿಕೆ ಮರಕ್ಕೆ ಕಟ್ಟಬೇಡಿ, ಅದರ ಬೇರು ಮೇಲೇ ಇರುತ್ತದೆ. ಮತ್ತಿ, ಹೊನ್ನೆಯಂಥ ದೊಡ್ಡ ಮರದ ಬುಡಕ್ಕೆ ಅಗಲ ಪಟ್ಟಿ ಸುತ್ತಿ ಎಳೆಯಿರಿ, ತೊಗಟೆಯೂ ಸುಲಿಯುವುದಿಲ್ಲ.

ಹಿಂದಿನ ಡಾಲಾದ ಕೆಲಸ ಶುರು ಮಾಡಿದಾಗ ಅಪ್ಪಯ್ಯ ಬಂದು ನಿಂತು ನೋಡಿದರು. "ತಮಾ, ಇದ್ನೆಲ್ಲ ಹಾಕ್ಯಂಡ್ರೆ ಗೊಬ್ರ ಎಲ್ಲಿ ಹಾಕ್ತೆ?" ಸರಿಯಾದ ಪ್ರಶ್ನೆ. ತೋಟ ಇರುವ ಮನೆಯಲ್ಲಿ ಪಿಕಪ್ ಅಂದರೆ ದರಕು (ಒಣ ಎಲೆ), ಗೊಬ್ಬರ, ಅಡಿಕೆ ಚೀಲ ಹೊರಬೇಕು. ಹಾಗಾಗಿ ಎಲ್ಲವನ್ನೂ ಕಳಚುವಂತೆ ಮಾಡಿದೆ. ಎರಡು ಉದ್ದ ಪೆಟ್ಟಿಗೆ, ಅವುಗಳ ಮೇಲೆ ಮಲಗುವ ಹಲಗೆ, ನಾಲ್ಕು ಬೋಲ್ಟ್ ತೆಗೆದರೆ ಇಬ್ಬರು ಸೇರಿ ಇಳಿಸಬಹುದು. ಪ್ಲೈವುಡ್ ನೀರು ತಡೆಯುವ ಐಎಸ್ 710 ಗುರುತಿನದ್ದು, 12 ಮಿಲಿಮೀಟರ್. ಕಡಿಮೆ ದರ್ಜೆಯದ್ದು ನಮ್ಮ ಮಳೆಗಾಲದಲ್ಲಿ ಪದರ ಬಿಟ್ಟುಕೊಳ್ಳುತ್ತದೆ. ಕತ್ತರಿಸಿದ ಅಂಚಿಗೆ ಎಪಾಕ್ಸಿ ಹಚ್ಚಬೇಕು, ನೀರು ಹೋಗುವುದು ಅಲ್ಲಿಂದಲೇ. ಡಾಲಾದ ಮೇಲೆ ಮುಚ್ಚುವ ಕ್ಯಾನೋಪಿಗೆ ಎರಡೂ ಬದಿ ಸೊಳ್ಳೆ ಪರದೆಯ ಕಿಟಕಿ. ಗಾಳಿ ಆಡದಿದ್ದರೆ ಒಂದೇ ರಾತ್ರಿಗೆ ಉಸಿರಿನ ನೀರು ಹನಿಯುತ್ತದೆ, ವಾರದಲ್ಲಿ ಹಾಸಿಗೆಗೆ ಬೂಷ್ಟು.

ಎಲ್ಲ ತುಂಬಿದ ಮೇಲೆ ವೇಬ್ರಿಡ್ಜಿಗೆ ಹೋಗಿ. ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಅಡಿಕೆ ಲಾರಿ ತೂಗುವ ಕಡೆ ಹೋದರೆ ಸಣ್ಣ ದುಡ್ಡಿನಲ್ಲಿ ಚೀಟಿ ಕೊಡುತ್ತಾರೆ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಆಮೇಲೆ ಪೂರ್ತಿ ಗಾಡಿ ಹತ್ತಿಸಿ ಇನ್ನೊಂದು. ಎರಡರ ವ್ಯತ್ಯಾಸ ಹಿಂದಿನ ಆಕ್ಸಲ್ ಹೊತ್ತದ್ದು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದ ಒಳಗೆ ಇರಬೇಕು, ಅದರಲ್ಲಿ ಕೂತವರ ತೂಕವೂ ಸೇರಬೇಕು. 40 ಲೀಟರ್ ನೀರು ಅಂದರೆ 40 ಕಿಲೋ, ಪೆಟ್ಟಿಗೆ, ಬ್ಯಾಟರಿ, ಹಾಸಿಗೆ, ಸ್ಟೋವ್, ಸರಪಳಿ ಎಲ್ಲ ಕೂಡಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಮೇಲಿನ ಟೆಂಟ್ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಇದೇ. ಐವತ್ತು ಅರವತ್ತು ಕಿಲೋ ತಲೆಯ ಮೇಲೆ ಹೊತ್ತು, ಒಂದು ಬದಿ ಗಟಾರಕ್ಕೆ ಓರೆಯಾದ ದಾರಿಯಲ್ಲಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಕೊಂಬೆಗೂ ತಾಗುತ್ತದೆ. ಭಾರದ್ದೆಲ್ಲ ಕೆಳಗೆ, ಹಿಂದಿನ ಆಕ್ಸಲ್ಲಿಗಿಂತ ಮುಂದೆ, ಕ್ಯಾಬಿನ್ನಿಗೆ ಒತ್ತಿ ಇಟ್ಟಿದ್ದೇನೆ.

ವಿದ್ಯುತ್ತಿನದು ಸಣ್ಣ ಕೆಲಸ. 12.8 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಓಡುವಾಗ ಚಾರ್ಜ್ ಆಗಲು ಡಿಸಿ-ಡಿಸಿ ಚಾರ್ಜರ್, ಬ್ಯಾಟರಿಯ ಹತ್ತಿರವೇ ಫ್ಯೂಸ್, ದಪ್ಪ ವೈರು. ಸೋಲಾರ್ ಹಾಕಿಲ್ಲ. ಜುಲೈನ ಶಿರಸಿಯಲ್ಲಿ ಅದಕ್ಕೆ ಬಿಸಿಲು ಎಲ್ಲಿಂದ ತರುವುದು?

ಫ್ರಿಜ್ ಹಾಕಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಬ್ಯಾಟರಿ ತಡೆಯುತ್ತದೆ, ಜಾಗವೂ ಇದೆ. ಆದರೆ ನಾವು ಒಯ್ಯುವುದು ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ, ಅಕ್ಕಿ, ಬೇಳೆ, ಒಂದು ಬಾಟಲಿ ತುಪ್ಪ, ಇದರಲ್ಲಿ ತಣ್ಣಗಿಡುವಂಥದ್ದು ಏನೂ ಇಲ್ಲ. ಆ ದುಡ್ಡು ಸದ್ಯಕ್ಕೆ ಕ್ಯಾನೋಪಿಯ ಹಿಂದಿನ ಬಾಗಿಲಿನ ರಬ್ಬರಿಗೆ ಮತ್ತು ಹೊಸ ಕ್ಲಚ್ ಪ್ಲೇಟಿಗೆ ಹೋಗುತ್ತದೆ. ಎರಡೂ ಮಳೆ ಹಿಡಿಯುವ ಮೊದಲು ಆಗಬೇಕು.